ಎಣ್ಣೆ ಹಚ್ಚಿದ ಹಕ್ಕಿಗಳು

ದೀಪಾವಳಿಯಲ್ಲಿ ಎಣ್ಣೆ ಹಚ್ಚಿ ನೀರೆರೆದುಕೊಳ್ಳುವ ದಿನ. ಹೊತ್ತು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಹೆಂಡತಿ ನನ್ನನ್ನು ಮಣೆಯ ಮೇಲೆ ಕೂಡಿಸಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ವರ್ಷದಲ್ಲಿ ಈ ಒಂದು ದಿನ ಮಾತ್ರ ನನ್ನ ತಲೆ ಪೂರ್ತಿ ಅವಳ ಕೈಗೆ ಸಿಗುತ್ತದೆ, ಸಿಕ್ಕಿದ್ದೇ ಸಾಕೆಂದು ಬಾಕಿಯೆಲ್ಲ ತೀರಿಸಿಕೊಳ್ಳುತ್ತಾಳೆ. ಆಗ ಫೋನು ಬಂತು.

"ಅಣ್ಣಾರ, ನಾನ್ರಿ, ಮಸ್ಕಿಯಿಂದ. ಮಿರ್ಚಿ, ಮಂಡಕ್ಕಿ ಮನಿಯವರು."

ಹೆಸರು ಕೇಳಿದ ಕೂಡಲೇ ಗೊತ್ತಾಯಿತು. ಸಿಂಧನೂರಿನಲ್ಲಿ ನನ್ನದು ಮೀನು, ಹಕ್ಕಿ ಮಾರುವ ಅಂಗಡಿ. ಕಾಡಿನ ಗಿಳಿ ಸಾಕುವುದು ಅಪರಾಧ, ಅದನ್ನು ನಾನು ಮುಟ್ಟುವುದಿಲ್ಲ. ನಾನು ಮಾರುವುದು ಪಂಜರದಲ್ಲೇ ಹುಟ್ಟಿ ಬೆಳೆಯುವ ಪುಟ್ಟ ಗಿಳಿಗಳನ್ನು, ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಎಂದು ಕರೆಯುವಂಥವು. ಹೋದ ವರ್ಷದ ಬೇಸಿಗೆಯಲ್ಲಿ ಮಸ್ಕಿಯ ಕಾಲೇಜು ಹುಡುಗಿಯೊಬ್ಬಳು ತನ್ನ ಅಜ್ಜಿಯ ಕೈಹಿಡಿದುಕೊಂಡು ಬಸ್ಸಿನಲ್ಲಿ ಬಂದು ಒಂದು ಹಸಿರು, ಒಂದು ಬಿಳಿ ಆರಿಸಿಕೊಂಡಿದ್ದಳು. ಅಂಗಡಿಯಲ್ಲೇ ನಿಂತು ಹಸಿರಿಗೆ ಮಿರ್ಚಿ, ಬಿಳಿಗೆ ಮಂಡಕ್ಕಿ ಎಂದು ಹೆಸರಿಟ್ಟು ತಾನೇ ನಕ್ಕಿದ್ದಳು. ಈ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಆ ಹುಡುಗಿ ತೀರಿಕೊಂಡಳು. ಹಕ್ಕಿಗೆ ನವಣೆ ಒಯ್ಯಲು ಬಂದಾಗ ಅವಳ ತಾಯಿ ಹೇಳಿದ ಸುದ್ದಿ ಅದು. ಈಗ ಫೋನಿನಲ್ಲಿ ಇದ್ದವಳೂ ಆ ತಾಯಿಯೇ.

"ನಮ್ಮತ್ತಿ ಹಕ್ಕಿಗೆ ಎಣ್ಣಿ ಹಚ್ಚಿ ಎರದಾರ್ರಿ. ನಾ ಮಲಗಿದ್ದೆ. ಎದ್ದು ನೋಡಿದ್ರ ಮಂಡಕ್ಕಿ ಕಣ್ಣು ಮುಚ್ಚಿ ಕುಂತೈತಿ, ಮಿರ್ಚಿ ಗಡಗಡ ನಡಗಾಕತ್ತೈತಿ."

"ಯಾವ ಎಣ್ಣಿರಿ?"

"ಔಡಲೆಣ್ಣಿ. ಮ್ಯಾಲ ಕಡ್ಲಿಹಿಟ್ಟೂ ಹಚ್ಯಾರ."

ಹಕ್ಕಿ ಕೊಂಡವರಿಗೆಲ್ಲ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ: ಹಕ್ಕಿಗೆ ನೀವು ಜಳಕ ಮಾಡಿಸಬೇಡಿ, ಜಳಕಕ್ಕೆ ನೀರಿಡಿ. ಅಗಲವಾದ ತಟ್ಟೆಯಲ್ಲಿ ಅದರ ಕಾಲು ಮುಳುಗುವಷ್ಟು ನೀರು. ಬಿಸಿಲೇರುವ ಹೊತ್ತು, ಫ್ಯಾನು ಬಂದ್. ಮನಸ್ಸು ಬಂದರೆ ತಾನೇ ಇಳಿದು ರೆಕ್ಕೆ ಬಡಿದು ಮೈ ತೊಳೆದುಕೊಳ್ಳುತ್ತದೆ, ಬರದಿದ್ದರೆ ಬಿಡಬೇಕು. ಸಾಬೂನಿಲ್ಲ, ಶಾಂಪೂ ಇಲ್ಲ, ನಲ್ಲಿಯ ಕೆಳಗೆ ಹಿಡಿಯುವುದಂತೂ ಇಲ್ಲವೇ ಇಲ್ಲ. ಇಷ್ಟು ಹೇಳಿದರೂ ಕೂಸಿಗೆ ಎರೆದಂತೆ ಎರೆದು, ಕೂದಲು ಒಣಗಿಸುವ ಮಷೀನು ಹಿಡಿದು, ಆಮೇಲೆ ನನಗೆ ಫೋನು ಮಾಡಿ "ಹಕ್ಕಿ ಯಾಕೋ ಸಪ್ಪಗೈತಿ" ಎನ್ನುವ ಪುಣ್ಯಾತ್ಮರಿದ್ದಾರೆ. ಅಂಥವರನ್ನು ನಾನು ಬೈಯದೆ ಬಿಟ್ಟವನಲ್ಲ. ಆದರೆ ಎಣ್ಣೆ ಹಚ್ಚಿದವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಕ್ಕಿಯ ಗರಿಗಳ ನಡುವೆ ಗಾಳಿ ನಿಂತಿರುತ್ತದೆ, ಅದರ ಮೈ ಬೆಚ್ಚಗಿರುವುದು ಆ ಗಾಳಿಯಿಂದ. ಎಣ್ಣೆ ಬಿದ್ದರೆ ಗರಿಗಳು ಒಂದಕ್ಕೊಂದು ಅಂಟಿ ಚರ್ಮ ಬಯಲಾಗುತ್ತದೆ. ದೀಪಾವಳಿಯ ಚಳಿಯಲ್ಲಿ ಬರಿಮೈಯಲ್ಲಿ ಹೊರಗೆ ನಿಲ್ಲಿಸಿದ ಹಾಗೆ. ಸಾಲದ್ದಕ್ಕೆ ಅದು ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತದೆ, ತೀಡಿದಷ್ಟೂ ಎಣ್ಣೆ ಹೊಟ್ಟೆಗೆ ಹೋಗುತ್ತದೆ. ಔಡಲೆಣ್ಣೆ ಎಂದರೆ ಹರಳೆಣ್ಣೆ, ಅದು ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನಮ್ಮ ಕಡೆ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಜಳಕ ಮಾಡಿ ಹೋಗ್ರಿ. ಹಬ್ಬದ ದಿನ ಎಣ್ಣಿ ತಲಿಲೆ ಹೊಸ್ತಲಾ ದಾಟತಾರೇನ್ರಿ?" ಎಂದಳು ಹೆಂಡತಿ. ನಾನು ತಲೆಗೆ ಟವೆಲ್ಲು ಸುತ್ತಿ ಬೈಕು ತೆಗೆದೆ. ಅಂಗಡಿಯಿಂದ ಹಳೆಯ ತಂತಿಯ ಬಲ್ಬು, ಹೋಲ್ಡರು, ರಟ್ಟಿನ ಪೆಟ್ಟಿಗೆ ಹಾಕಿಕೊಂಡೆ. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ, ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಮರಿಗಳಿಗೆಂದು ನಾನು ಹಳೆಯ ಬಲ್ಬುಗಳನ್ನು ಕೂಡಿಟ್ಟುಕೊಂಡಿರುತ್ತೇನೆ.

ಕಾಲುವೆ ಬದಿಯ ಗದ್ದೆಗಳ ಮೇಲಿನ ಮಂಜು ಮುಖಕ್ಕೆ ಬಡಿಯುತ್ತಿತ್ತು. ದಾರಿಯಲ್ಲಿ ನಿಂತು ಲಿಂಗಸುಗೂರಿನ ಪಶುವೈದ್ಯೆಗೆ ಫೋನು ಮಾಡಿದೆ. ಹಬ್ಬದ ದಿನವೂ ಫೋನೆತ್ತುವ ಪುಣ್ಯಾತ್ಗಿತ್ತಿ ಆಕೆ. ನಡುವೆ ಮಾತಾಡದೆ ಎಲ್ಲ ಕೇಳಿಸಿಕೊಂಡರು.

"ಹೋದ ಕೂಡ್ಲೇ ತೊಳಿಯಾಕ ಕೂಡಬ್ಯಾಡ್ರಿ," ಎಂದರು. "ನಡುಗೋ ಹಕ್ಕಿಗೆ ನೀರು ಮುಟ್ಟಿಸಿದ್ರ ಕೈಯಾಗಾ ಹೋಗತೈತಿ. ಮೊದಲು ಕಾವು ಕೊಡ್ರಿ. ನಡುಕ ನಿಂತು ಕಣ್ಣು ತೆಗೀಲಿ, ಆಮ್ಯಾಲ ತೊಳೀರಿ. ಒಂದಾ ಸಲಕ್ಕ ಎಲ್ಲಾ ಎಣ್ಣಿ ತೆಗಿಯಾಕ ಹೋಗಬ್ಯಾಡ್ರಿ. ಉಳದದ್ದು ಮತ್ತೊಂದು ದಿನ."

ಮಸ್ಕಿಯ ಆ ಓಣಿಯಲ್ಲಿ ಎಲ್ಲರ ಬಾಗಿಲಲ್ಲೂ ರಂಗೋಲಿ, ಒಳಗೆ ಬಿಸಿನೀರಿನ ಗದ್ದಲ. ಈ ಮನೆಯ ಅಂಗಳ ಮಾತ್ರ ಬರಿದಾಗಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಎಣ್ಣೆಯಿಲ್ಲ, ಆರತಿಯಿಲ್ಲ, ಸಿಹಿ ಮಾಡುವುದಿಲ್ಲ. ಮನೆಯ ಯಜಮಾನ ಹಟ್ಟಿಯ ಗಣಿಯಲ್ಲಿ ಪಾಳಿಗೆ ಹೋಗಿದ್ದ. ಹಬ್ಬವೇ ಇಲ್ಲದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ರಜೆ ಹಾಕಿರಲಿಲ್ಲವಂತೆ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಅಂಗೈ ಮೇಲೆ ಮಾಡಿದ ಎರಡು ಕೈ. ಅಂಗೈ ಇನ್ನೂ ಎಣ್ಣೆಯಿಂದ ಮಿರುಗುತ್ತಿತ್ತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ನಿಂತುಹೋಯಿತು.

"ಯಾಕ್ ಹಚ್ಚಿದ್ರಿ ಅಮ್ಮಾ?"

"ನಮಗ ಹಬ್ಬ ಇಲ್ಲಪ್ಪ. ಅವು ಏನ್ ಮಾಡ್ಯಾವು?" ಎಂದಳು ಅಜ್ಜಿ. "ಪ್ರತಿವರ್ಷ ನನ್ನ ಕೂಸಿನ ತಲಿಗೆ ನಾನಾ ಎಣ್ಣಿ ಹಾಕ್ತಿದ್ದೆ. ಬ್ಯಾಡ ಬ್ಯಾಡ ಅಂತ ಓಡ್ಯಾಡತಿತ್ತು. ಈ ವರ್ಷ ಕೈ ಸುಮ್ಮನ ಕೂಡಲಿಲ್ಲ. ಅಕಿ ಹಕ್ಕಿ, ಅಕಿ ಮಕ್ಕಳಿದ್ದಂಗ. ಅವಕ್ಕರ ಒಂದೀಟು ಹಚ್ಚೂನು ಅಂದೆ."

ಫೋನು ಮಾಡಿದ್ದ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಕಡೆ ಅವಳು ಕಣ್ಣು ಕೂಡ ಹೊರಳಿಸಲಿಲ್ಲ.

ಪೆಟ್ಟಿಗೆಗೆ ತೂತು ಹೊಡೆದು, ಒಂದು ಬದಿಗೆ ಮಾತ್ರ ಬಲ್ಬು ಕಟ್ಟಿ, ಕೆಳಗೆ ಹಳೆಯ ಹತ್ತಿಬಟ್ಟೆ ಹಾಸಿ ಹಕ್ಕಿಗಳನ್ನು ಇಳಿಸಿದೆ. ಕಾವು ಹೆಚ್ಚಾದರೆ ಆಚೆ ಸರಿಯಲು ಜಾಗವಿರಬೇಕು, ಅದಕ್ಕೇ ಒಂದು ಬದಿಗೆ. ಗರಿಗೆ ಅಂಟಿದ್ದ ಕಡಲೆಹಿಟ್ಟು ಒಣಗಿ ಗಟ್ಟಿಯಾಗುತ್ತಿತ್ತು. ಮಿರ್ಚಿ ತಾನಾಗಿಯೇ ಬಲ್ಬಿನ ಹತ್ತಿರ ಸರಿಯಿತು. ಮಂಡಕ್ಕಿಯನ್ನು ನಾನೇ ಸರಿಸಬೇಕಾಯಿತು. ಕಾವು ಹಿಡಿಯಿತು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಸೊಸೆ ಓಡಿ ಬಾಟಲಿಗೆ ಬಿಸಿನೀರು ತುಂಬಿ ತಂದಳು. ಅದಕ್ಕೆ ಬಟ್ಟೆ ಸುತ್ತಿ ಮಂಡಕ್ಕಿಯ ಪಕ್ಕಕ್ಕಿಟ್ಟೆ. ಅದು ಬಾಟಲಿಗೆ ಒರಗಿ ಒಮ್ಮೆ ಬಾಯಿ ತೆರೆಯಿತು, ಮತ್ತೆ ಅಲುಗಲಿಲ್ಲ.

ನಾನು ಎತ್ತಿ ನೋಡಿ ಸುಮ್ಮನೆ ಬಟ್ಟೆ ಮುಚ್ಚಿದೆ. ಹೇಳುವುದೇ ಬೇಕಾಗಲಿಲ್ಲ. ಸೊಸೆ ಮೊದಲ ಸಲ ಅತ್ತೆಯ ಕಡೆ ತಿರುಗಿದಳು.

"ಮಗಳಂತೂ ಹೋದ್ಲು. ಅಕಿ ಹಕ್ಕೀನೂ ಉಳಸಲಿಲ್ಲ ನೀವು."

ಹೊರಗೆ ಯಾರದೋ ಮನೆಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಅಂಥ ಮಾತು ಆಡಿದವಳ ಮೇಲೂ ನನಗೆ ಸಿಟ್ಟು ಬರಲಿಲ್ಲ, ಅನ್ನಿಸಿಕೊಂಡವಳ ಮೇಲೂ ಬರಲಿಲ್ಲ. ಬಹಳ ಸಂಕಟವಾಯಿತು, ಅಷ್ಟೆ. ಉಳಿದಿದ್ದ ಒಂದು ಹಕ್ಕಿಯನ್ನಾದರೂ ಉಳಿಸದಿದ್ದರೆ ಈ ಇಬ್ಬರು ಹೆಂಗಸರು ಒಂದೇ ಸೂರಿನ ಕೆಳಗೆ ಹೇಗೆ ಬಾಳುತ್ತಾರೆ ಎಂಬ ಚಿಂತೆ ಹತ್ತಿತು.

ಕರೆಂಟು ಬಂತು. ಮಿರ್ಚಿಯ ನಡುಕ ನಿಲ್ಲುವ ತನಕ ಕಾದೆ. ಕಾಯುವುದೇ ಈ ಕೆಲಸದಲ್ಲಿ ಕಷ್ಟದ ಭಾಗ, ಕೈ ಸುಮ್ಮನೆ ಇರಬೇಕು. ಅದು ಕಣ್ಣು ಬಿಟ್ಟು ನವಣೆಯ ತೆನೆಗೆ ಒಮ್ಮೆ ಕೊಕ್ಕು ಹಾಕಿದ ಮೇಲೆ ಎದ್ದೆ. ಎಣ್ಣೆ ಹೀರಲಿಕ್ಕೆ ಕಾರ್ನ್‌ಫ್ಲೋರು ಬೇಕಿತ್ತು. ಗೋಬಿ ಮಾಡುವವರಿಗೆಂದು ಕಿರಾಣಿ ಅಂಗಡಿಯವರು ಇಟ್ಟಿರುತ್ತಾರೆ, ಅರ್ಧ ಬಾಗಿಲು ತೆರೆದಿದ್ದ ಅಂಗಡಿಯಿಂದ ಸೊಸೆ ತಂದಳು. ಮೂಗಿಗೆ ಹೋಗದಂತೆ ತಲೆ ಬಿಟ್ಟು ಮೈಗೆಲ್ಲ ಉದುರಿಸಿ, ಹೀರಿಕೊಂಡದ್ದನ್ನು ಮೆತ್ತಗೆ ಕೊಡವಿದೆ. ಆಮೇಲೆ ಬೋಗುಣಿಗಳಲ್ಲಿ ನೀರು. ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಮೊದಲ ಬೋಗುಣಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಉಳಿದವು ಬರೀ ನೀರು. ನನ್ನ ತಲೆಯ ಎಣ್ಣೆ ಕೈಗೆ ಹತ್ತಿರಬಹುದೆಂದು ಮೊಣಕೈ ತನಕ ತಿಕ್ಕಿ ತೊಳೆದುಕೊಂಡೆ.

ಹಕ್ಕಿಯನ್ನು ಹಿಡಿಯುವುದೇ ಒಂದು ವಿದ್ಯೆ. ಎದೆ ಅದುಮಬಾರದು, ಉಸಿರಾಡಲು ಅದರ ಎದೆ ಏರಿಳಿಯಬೇಕು. ಕತ್ತನ್ನು ಎರಡು ಬೆರಳ ನಡುವೆ ಇರಿಸಿಕೊಂಡು ಬೆನ್ನನ್ನು ಅಂಗೈಗೆ ಒರಗಿಸಿದೆ. ಕತ್ತಿನಿಂದ ಕೆಳಗಷ್ಟೇ ನೀರಲ್ಲಿ ಇಳಿಸಿ, ಗರಿ ಬೆಳೆದ ದಿಕ್ಕಿನಲ್ಲೇ ಬೆರಳಾಡಿಸಿದೆ. ತಿಕ್ಕಲಿಲ್ಲ. ನೀರು ಹಳದಿಯಾಯಿತು. ಬೋಗುಣಿ ಬದಲಿಸಿದೆ, ಮತ್ತೆ ಹಳದಿ. ಔಡಲೆಣ್ಣೆ ಜಿಗುಟು, ಬೇರೆ ಎಣ್ಣೆಯಂತೆ ಸುಲಭಕ್ಕೆ ಬಿಡುವುದಿಲ್ಲ. ಮಿರ್ಚಿ ಮೊದಲು ಕಚ್ಚಿತು, ಚೀರಿತು, ಕೊನೆಗೆ ಚೀರುವುದನ್ನೂ ಬಿಟ್ಟು ಬಾಯಿ ತೆರೆದು ಉಸಿರಾಡತೊಡಗಿತು.

"ಇನ್ನೊಂದು ಸಲ ತೊಳದ್ರ ಪೂರಾ ಹೋಗತೈತಲ್ರಿ?" ಎಂದಳು ಸೊಸೆ.

ನನಗೂ ಹಾಗೇ ಅನ್ನಿಸಿತ್ತು. ಎಣ್ಣೆ ಉಳಿದರೆ ಅದು ನುಂಗುತ್ತದೆ, ತೊಳೆಯುತ್ತ ಹೋದರೆ ಕೈಯಲ್ಲೇ ಹೋಗುತ್ತದೆ. ಪಶುವೈದ್ಯೆಯ ಮಾತು ನೆನಪಿತ್ತು. "ಇವತ್ತಿಗೆ ಸಾಕ್ರಿ," ಎಂದು ಸಾಬೂನು ಹೋಗುವ ತನಕ ಬರೀ ನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ ತೇವ ತೆಗೆದು ಮತ್ತೆ ಬಲ್ಬಿನ ಮುಂದೆ ಬಿಟ್ಟೆ. ಊಟದ ಹೊತ್ತು ದಾಟಿದ ಮೇಲೆ ಅದು ಮೈ ಉಬ್ಬಿಸಿ ಒಮ್ಮೆ ಕೊಡವಿಕೊಂಡಿತು. ಮನೆಗೆ ಹೋಗಿ ನಾನು ಜಳಕ ಮಾಡುವಷ್ಟರಲ್ಲಿ ಹಬ್ಬವೇ ಮುಗಿದಿತ್ತು.

ಒಂದು ದಿನ ಬಿಟ್ಟು ಮತ್ತೆ ಹೋಗಿ ಎರಡನೇ ಸಲ ತೊಳೆದೆ. ಈ ಸಲ ಬೆನ್ನಿನ ಮೇಲೆ ಬಿಟ್ಟ ನೀರು ಮಣಿಯಾಗಿ ಉರುಳಿತು. ಗರಿ ಸ್ವಚ್ಛವಾದ ಗುರುತು ಅದು. ಹೊಟ್ಟೆ ಮಾತ್ರ ಕೆಟ್ಟಿತ್ತು, ಹಿಕ್ಕೆ ನೀರಾಗಿತ್ತು. ಪಶುವೈದ್ಯೆ ಹೇಳಿದ ಔಷಧಿಯನ್ನು ನೀರಿಗೆ ಬೆರೆಸಿ ಕುಡಿಸುತ್ತ ಬಂದೆವು. ನಾನು ಅದರ ನಂತರವೂ ಆಗಾಗ ಹೋಗಿ ನೋಡುತ್ತಿದ್ದೆ.

ಆ ಮನೆಯಲ್ಲಿ ಕೂರುವುದು ಹಕ್ಕಿ ತೊಳೆಯುವುದಕ್ಕಿಂತ ಕಷ್ಟವಾಗಿತ್ತು. ಅತ್ತೆ ಸೊಸೆಯ ನಡುವೆ ಮಾತೇ ಇರಲಿಲ್ಲ. ಸೊಸೆ ತಾಟು ತಂದು ಅಜ್ಜಿಯ ಮುಂದಿಟ್ಟು ಹೋಗುವಳು, ಅಜ್ಜಿ ಅರ್ಧ ರೊಟ್ಟಿ ಮುರಿದು ಉಳಿದದ್ದನ್ನು ಹಾಗೇ ಬಿಡುವಳು. ಅಜ್ಜಿ ಪಂಜರದ ಹತ್ತಿರ ಬರುತ್ತಲೇ ಇರಲಿಲ್ಲ. ದೂರದಿಂದ "ಉಂಡತೇನಪ್ಪ ಅದು?" ಎಂದು ನನ್ನನ್ನು ಕೇಳುವಳು. ನಾನು ಬರದ ದಿನ ಯಾರನ್ನು ಕೇಳುತ್ತಿದ್ದಳೋ. ಮಿರ್ಚಿಗೂ ಒಂದು ಭಯ ಕೂತಿತ್ತು. ಅಗಲ ತಟ್ಟೆಯಲ್ಲಿ ನೀರಿಟ್ಟರೆ ಸಾಕು, ಕಂಬಿ ಹಿಡಿದು ಪಂಜರದ ನೆತ್ತಿಗೆ ಹತ್ತಿ ಕೂರುತ್ತಿತ್ತು. ತಟ್ಟೆ ತೆಗೆಯುವ ತನಕ ಇಳಿಯುತ್ತಿರಲಿಲ್ಲ.

ಆಮೇಲಿನ ಒಂದು ಸೋಮವಾರ ಸೊಸೆ ಒಬ್ಬಳೇ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಚಪ್ಪಲಿಯ ಡಬ್ಬ. ಮುಚ್ಚಳ ತೆಗೆದಳು. ಮಿರ್ಚಿ ಸತ್ತು ಸೆಟೆದಿತ್ತು.

"ಮುಂಜಾನೆ ನೋಡಿದೆ. ಅತ್ತಿ ಗುಡಿಗೆ ಹೋಗಿದ್ರು. ಅವರಿಗೆ ಗೊತ್ತಿಲ್ಲ. ಹಕ್ಕೀನ ನಿಮಗ ತೋರಿಸಾಕ ಒಯ್ದೀನಿ ಅಂತ ಬಾಜೂಮನಿಯವರಿಗೆ ಹೇಳಿ ಬಂದೀನಿ."

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಹೊಟ್ಟೆಗೆ ಹೋದ ಎಣ್ಣೆಯೇ ಅದನ್ನು ಕರಗಿಸಿರಬೇಕು. ಹೊರಗಿನದನ್ನು ತೊಳೆದಿದ್ದೆ, ಒಳಗಿನದಕ್ಕೆ ನನ್ನ ಕೈ ತಲುಪಲಿಲ್ಲ.

ಸೊಸೆ ಹಸಿರು ಹಕ್ಕಿಗಳ ಪಂಜರದ ಮುಂದೆ ಹೋಗಿ ನಿಂತಳು. "ಅಣ್ಣಾರ, ಇಂಥಾದ್ದಾ ಒಂದು ಕೊಡ್ರಿ."

ಇದು ನನ್ನ ಅಂಗಡಿಗೆ ಹೊಸದಲ್ಲ. ಸತ್ತ ಮೀನಿನ ಫೋಟೋ ಹಿಡಿದು ಬಂದು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ್ದು ಒಯ್ಯುವ ತಂದೆತಾಯಿಗಳಿದ್ದಾರೆ. ನಾನೂ ನಗುತ್ತ ಹುಡುಕಿ ಕೊಡುತ್ತೇನೆ. ಆದರೆ ಇದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

"ಬ್ಯಾಡ್ರಿ ಅಕ್ಕಾರ. ಹಿರೀ ಜೀವ ಅದು. ಖರೆ ಹೇಳ್ರಿ. ಸಣ್ಣ ಹುಡುಗರಿಗೆ ಮಾಡಿದಂಗ ಮಾಡೂದು ಚೊಲೋ ಅಲ್ಲ."

"ಎರಡನೇ ಸಾವೂ ಅವರ ತಲಿ ಮ್ಯಾಲ ಹೊರಸಬ್ಯಾಡ್ರಿ," ಎಂದಳು. "ನಾ ಆ ದಿನ ಅಂದ ಮಾತಾ ಸಾಕು. ಅವತ್ತಿನಿಂದ ಹೊಟ್ಟಿತುಂಬ ಉಂಡಿಲ್ಲ ಅವರು. ನನ್ನ ಮಗಳನ್ನ ನನಗಿಂತ ಹೆಚ್ಚು ಎತ್ತಿ ಆಡಿಸ್ಯಾರ. ನನಗ ಈಗ ಅವರ ಬಿಟ್ರ ಮನ್ಯಾಗ ಮಾತಿಗೆ ಯಾರದಾರ್ರಿ?"

ನಾನು ಎದ್ದೆ. ಮಿರ್ಚಿ ಗಂಡು, ಮೂಗು ನೀಲಿ. ಅದೇ ಹಸಿರಿನ, ನೀಲಿ ಮೂಗಿನ, ಅದೇ ಗಾತ್ರದ್ದನ್ನು ಹುಡುಕಿದೆ. ಮಿರ್ಚಿಯ ಬಾಲದ ಗರಿ ತೊಳೆಯುವಾಗ ಮುರಿದಿತ್ತು. ಇದರ ಬಾಲ ನೆಟ್ಟಗಿತ್ತು. ಹೊಸ ಗರಿ ಬಂದಿದೆ ಎಂದರಾಯಿತು. ಸತ್ತದ್ದನ್ನು ಅಂಗಡಿಯ ಹಿಂದಿನ ಬೇವಿನ ಬುಡದಲ್ಲಿ ಮಣ್ಣು ಮಾಡಿದೆ.

"ನೀವಾ ತಂದು ಬಿಡ್ರಿ. ನಾ ತಂದ್ರ ನನ್ನ ಮಾರಿ ನೋಡಿ ತಿಳಕೋತಾರ," ಎಂದು ಹೇಳಿ ಆಕೆ ಬಸ್ಸಿಗೆ ಹೋದಳು.

ಮರುದಿನ ಬಿಸಿಲೇರಿದ ಮೇಲೆ ಹೋದೆ. ಸೊಸೆ ಅಡುಗೆಮನೆಯಿಂದ ಕೂಗಿದಳು: "ಅತ್ತಿ, ಮಿರ್ಚಿ ಬಂತು ನೋಡ್ರಿ. ಆರಾಮಾಗೈತಂತ." ಅಷ್ಟು ದಿನಗಳಲ್ಲಿ ಆಕೆ ಅತ್ತೆಯ ಜೊತೆ ನೇರ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಗೋಡೆ ಹಿಡಿದು ಎದ್ದು ಬಂದು ಪಂಜರದ ಹತ್ತಿರ ಕೂತಳು. ಹಕ್ಕಿ ಆರೋಗ್ಯವಾಗಿದೆ ಎಂದು ತೋರಿಸುವ ಉಮೇದಿನಲ್ಲಿ ನಾನು ಫ್ಯಾನು ಆರಿಸಿ, ಅಗಲ ತಟ್ಟೆಗೆ ಕಾಲು ಮುಳುಗುವಷ್ಟು ನೀರು ಹಾಕಿ ಒಳಗಿಟ್ಟೆ.

"ಹಿಂಗ ಇಡ್ರಿ ಅಮ್ಮಾ. ಬೇಕಾದ್ರ ತಾನಾ ಇಳಿತೈತಿ. ನಾವು ನೋಡಕೋತ ಕೂಡೂದು, ಅಷ್ಟಾ."

ಹಕ್ಕಿ ತಲೆ ಓರೆ ಮಾಡಿ ನೀರು ನೋಡಿತು. ಅಂಚಿಗೆ ಹಾರಿತು, ಒಂದು ಕಾಲಿಟ್ಟಿತು, ಎರಡೂ ಇಟ್ಟಿತು. ಎದೆ ಮುಳುಗಿಸಿ ರೆಕ್ಕೆ ಬಡಿಯತೊಡಗಿತು. ನೀರು ಅಜ್ಜಿಯ ಸೀರೆಗೆ, ನನ್ನ ಮುಖಕ್ಕೆ ಸಿಡಿಯಿತು. ನಾನು ಖುಷಿಯಿಂದ ನೋಡುತ್ತಿದ್ದೆ. ಅಜ್ಜಿ ಮಾತ್ರ ಹಕ್ಕಿಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು.

"ನಮ್ಮ ಮಿರ್ಚಿ ತಾಟು ಕಂಡ್ರ ಮ್ಯಾಲ ಹತ್ತಿ ಕೂಡತಿತ್ತು," ಎಂದಳು, ನನಗಷ್ಟೇ ಕೇಳುವ ಹಾಗೆ.

ಹಕ್ಕಿ ಮಾರಿ ಕೂದಲು ಬೆಳ್ಳಗಾದ ನನಗೆ ಅದು ಹೊಳೆದಿರಲಿಲ್ಲ. ಬಾಲದ ಗರಿಗೆ ಸುಳ್ಳು ಹುಡುಕಿಟ್ಟುಕೊಂಡು ಬಂದಿದ್ದೆ, ಭಯಕ್ಕೆ ಹುಡುಕಿರಲಿಲ್ಲ. ತಲೆ ತಗ್ಗಿಸಿದೆ.

"ಯಾವಾಗ ಹೋತಪ್ಪ?"

"ನಿನ್ನಿ ಮುಂಜಾನೆ, ಅಮ್ಮಾ."

ಅಜ್ಜಿ ಕಣ್ಣು ಮುಚ್ಚಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಸಿಡಿದ ನೀರನ್ನೋ ಕಣ್ಣೀರನ್ನೋ. ಆಮೇಲೆ ನನ್ನ ಮೊಣಕೈ ಹಿಡಿದಳು.

"ನನಗ ಗೊತ್ತಾತು ಅಂತ ಅಕಿಗೆ ಹೇಳಬ್ಯಾಡ, ನನ್ನಪ್ಪ. ನಿನ್ನಿಯಿಂದ ನನ್ನ ಕೂಡ ಮಾತಾಡಾಕತ್ಯಾಳ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅಜ್ಜಿ ಆ ಕಡೆ ಮುಖ ತಿರುಗಿಸಿ, ದನಿ ಗಟ್ಟಿ ಮಾಡಿಕೊಂಡು ಕೂಗಿದಳು:

"ಯವ್ವಾ, ಜಲ್ದಿ ಬಾರ! ನಮ್ಮ ಮಿರ್ಚಿ ಜಳಕ ಮಾಡಾಕತ್ತೈತಿ, ನೋಡಬಾ!"

ಸೊಸೆ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಓಡಿಬಂದು ಅತ್ತೆಯ ಪಕ್ಕ ಕೂತಳು.